ಕರಕರ ಚಪ್ಪಲಿ

ಆ ಗೂಟಕ್ಕ ಬ್ಯಾಡ್ರಿ ಅಕ್ಕಾರ. ಆ ಗೂಟಕ್ಕ ಬ್ಯಾಗ ಹಾಕಬ್ಯಾಡ್ರಿ, ಅದು ನನ್ನ ಮಗ ಕುನಾಲನ ಅಪ್ಪನ ಟೊಪಗಿ ಗೂಟ. ಅವರು ಹೋಗಿ ಮೂರ ವರ್ಷ ಆತು, ಟೊಪಗಿನೂ ಅವರ ಜೋಡಿ ಹೋತು, ಗೂಟ ಅಷ್ಟ ಉಳದೈತಿ. ಇಲ್ಲಿ ಇಡ್ರಿ, ಈ ಪೆಟಗಿ ಮ್ಯಾಲ. ಹಾಂ... ಹಂಗ. ಈಗ ಕುಂಡರ್ರಿ. ಚಾ ಕುಡೀರಿ, ಬೆಲ್ಲದ ಚಾ ಆರಿದ್ರ ಬಾಯಿಗೆ ಹತ್ತಂಗಿಲ್ಲ.

ಏನ ಸುತ್ತ ನೋಡಾಕತ್ತೀರಿ? ಖೋಲಿ ಸಣ್ಣದಾತೇನು? ಆರು ವಾರ ಹೆಂಗ ಕಳೀಲಿ ಅಂತೀರೇನು? ಬಾಳಾಸಾಬ, ನಮ್ಮ ಸಂಘದ ಸೆಕ್ರೆಟರಿ, ಹೇಳಿದ ನನಗ. "ಸುಂದರಾಕ್ಕ, ಪುಣಾ ಕಡೆಯಿಂದ ನಾಕ ಮಂದಿ ಕಲಾವಿದರು ಬರತಾರ. ಓಣ್ಯಾಗಿನ ಒಂದೊಂದ ಮನ್ಯಾಗ ಒಬ್ಬೊಬ್ಬರು ಇರತಾರ. ನಮ್ಮ ಕೂಡ ಉಂಡು, ನಮ್ಮ ಕೂಡ ಚಪ್ಪಲಿ ಹೊಲದು, ಏನರ ಹೊಸಾದು ಮಾಡತಾರ. ಇದಕ್ಕ ರೆಸಿಡೆನ್ಸಿ ಅಂತಾರ" ಅಂದ. ಬಾಜೂ ಮನಿ ಕಸ್ತೂರೆವ್ವಗ ರೆಸಿಡೆನ್ಸಿ ಅಂದ್ರ ಅಥಣಿ ಬಸ್ ಸ್ಟ್ಯಾಂಡ ಮುಂದಿನ ಲಾಡ್ಜ ಅಷ್ಟ ಗೊತ್ತು. "ನಮ್ಮ ಓಣ್ಯಾಗ ಲಾಡ್ಜ ಮಾಡತೀರೇನೋ ಭಾಡ್ಯಾಗೋಳ" ಅಂತ ಕಸಬರಗಿ ಹಿಡಕೊಂಡ ಬಂದಿದ್ಲು... ನಗ್ರಿ, ನಗ್ರಿ. ನಕ್ಕರ ಚಂದ ಕಾಣತೀರಿ ನೀವು. ಮೊದಲಿನಿಂದನೂ.

ಏನಿಲ್ಲ. ಸುಮ್ನ ಅಂದೆ.

ಹಾಸಗಿ ಅಲ್ಲೈತಿ. ಮೊಬೈಲ್ ಚಾರ್ಜಿಗೆ ಹಚ್ಚೂದು ಈ ಕಡೆ, ಸ್ವಿಚ್ ಒಮ್ಮೊಮ್ಮೆ ಹಟಾ ಮಾಡತೈತಿ, ಒಂದ ಏಟ ಹಾಕ್ರಿ. ನೀರು ಮುಂಜಾನೆ ಏಳಕ್ಕ ಬರತಾವು. ತೊಗಲಿನ ವಾಸನಿಗೆ ಹೊಸಬರೆಲ್ಲಾ ಸೆರಗ ಮೂಗಿಗೆ ಹಿಡೀತಾರ, ಎರಡ ದಿನಾ ಊಟ ಸೇರಂಗಿಲ್ಲ. ನೀವು ಮೂಗ ಮುಚ್ಚಲಿಲ್ಲ. ಒಳಗ ಬರೂ ಮುಂದ ತಲಿ ಬಗ್ಗಿಸಿ ಬಂದ್ರಿ. ಬಾಗಲಾ ಗಿಡ್ಡ ಐತಿ ಅಂತ ನಾ ಇನ್ನೂ ಹೇಳಿದ್ದಿಲ್ಲ... ಹೊಸಬರು ಹಣಿ ಬಡಸ್ಕೋತಾರ ಆ ಚೌಕಟ್ಟಿಗೆ.

ಹಾಂ ಹಾಂ, ಆ ಕಲ್ಲ ಮುಟ್ಟಬ್ಯಾಡ್ರಿ. ತೊಗಲ ಬಡಿಯೂ ಕಲ್ಲ ಅದು, ನಮ್ಮ ಮಾವನ ಅಪ್ಪನ ಕಾಲದ್ದು. ಈ ಮನ್ಯಾಗ ಆಣಿ ಮಾಡೂದಿದ್ರ ಅದನ್ನ ಮುಟ್ಟಿ ಮಾಡತೇವಿ. ಅನ್ನ ಕೊಟ್ಟ ಕಲ್ಲ ಮುಟ್ಟಿ ಸುಳ್ಳ ಹೇಳಿದ್ರ ಕೈ ಸೆಟದ ಹೋಗತಾವು ಅಂತಿದ್ಲು ನಮ್ಮತ್ತಿ. ಸುಮ್ ಸುಮ್ನ ಮುಟ್ಟಬಾರ್ದು.

ಚಾ ಆತೇನ್ರಿ? ಹಂಗಾರ ಬಲಗಾಲ ಇಲ್ಲಿ ಇಡ್ರಿ, ಈ ಕಾಗದದ ಮ್ಯಾಲ. ಅಳತಿ ತಗೋತೇನಿ. ಸಮಗಾರರ ಮನ್ಯಾಗ ಉಂಡವರು ಬ್ಯಾರೆ ಮಂದಿ ಚಪ್ಪಲಿ ಮೆಟ್ಟಿ ಅಡ್ಡಾಡಬಾರ್ದು. ನಾಚಕಿ ಯಾಕ? ಮಂದಿ ಕಾಲ ಹಿಡಿಯೂದ ನಮ್ಮ ಕೆಲಸ. ಸೈಲ ಬಿಡ್ರಿ ಬೆರಳ. ಪೆನ್ಸಿಲ್ ಕಚಗುಳಿ ಇಡತೈತೇನು? ಇಡತೈತಿ, ಇಡತೈತಿ. ಆವಾಗನೂ ಹಿಂಗ ನಗತಿದ್ದಿ.

ಹೌದು. ಆವಾಗನೂ.

ಯಾಕ ಕಾಲ ಹಿಂದ ತಗೊಂಡಿ? ಇಡು. ಇಡಬೇ ಪ್ರಾಜಕ್ತಾ, ಕಡೀಯಾಕಿಲ್ಲ ನಾ.

ಕೂದಲಾ ಕತ್ತರಿಸಿದಿ, ಚಸ್ಮಾ ಹಾಕ್ಕೊಂಡಿ, ಸ್ವಲ್ಪ ಮೈ ಬಂದೈತಿ. ಮುದಕಿ ಕಣ್ಣಾಗ ಪೊರಿ ಬಂದಾವು, ಗುರ್ತ ಹಿಡಿಯಂಗಿಲ್ಲ ಅಂತ ತಿಳದೇನು? ಅದಕ್ಕ ನೀನೂ ಬಾಯಿ ಬಿಡಲಿಲ್ಲ, ನಾನೂ ಅಕ್ಕಾರ ಅಕ್ಕಾರ ಅನಕೋತ ಚಾ ಕೊಟ್ಟೆ. ನಲವತ್ತ ವರ್ಷ ಮಂದಿ ಕಾಲ ನೋಡಕೋತ ಬಂದಾಕಿ ನಾ. ಮಕಾ ಮರೀತೇನಿ, ಕಾಲ ಮರಿಯಂಗಿಲ್ಲ. ಹೆಬ್ಬಟ್ಟಿಗಿಂತ ಬಾಜೂದ ಬೆರಳ ಉದ್ದ, ಕಿರಿಬೆರಳ ಒಳಗ ಹೊಳ್ಳೈತಿ. ತಗೊ ನೋಡು, ಒಂಬತ್ತ ವರ್ಷದ ಹಿಂದಿನ ಕಾಗದ. ಇಲಿ ಒಂದ ಮೂಲಿ ತಿಂದಾವು, ನಿನ್ನ ಕಾಲ ತಿಂದಿಲ್ಲ. ಎರಡೂ ಜೋಡಿಸಿ ನೋಡು. ಗೆರಿ ಮ್ಯಾಲ ಗೆರಿ ಕುಂತಿಲ್ಲೇನು?

ಬಾಳಾಸಾಬ ಪಟ್ಟಿ ಓದೂ ಮುಂದ ನಿನ್ನ ಹೆಸರ ಬಂತು. ಎಲ್ಲಾರೂ ನನ್ನ ಕಡೆ ನೋಡಿದ್ರು. ನಾನ ಅಂದೆ, "ಆಕಿನ್ನ ನನ್ನ ಮನಿಗೆ ಕೊಡು." ಸುಂದರಾಕ್ಕಂದು ದೊಡ್ಡ ಮನಸ ಅಂದಾ ಬಾಳಾಸಾಬ. ದೊಡ್ಡ ಮನಸ ಅಂತ ದೊಡ್ಡ ಮನಸ. ಮನಿಗೆ ತಾನಾಗೇ ನಡಕೊಂಡ ಬಂದದ್ದನ್ನ ಬ್ಯಾರೆಯವರಿಗೆ ಬಿಡಾಕ ನನಗೇನ ಹುಚ್ಚ ಹಿಡದೈತೇನು?

ಎದ್ದ ಹೋಗಬ್ಯಾಡ. ಕುಂಡರು. ನಿನಗ ಗೊತ್ತಿದ್ದದ್ದನ್ನ ನಿನಗ ಹೇಳತೇನಿ. ನಮ್ಮ ಪಾಪ ಇನ್ನೊಬ್ಬರ ಬಾಯಾಗ ಕೇಳೂ ಮುಂದ ಮಕಾ ಹೆಂಗಾಗತೈತಿ, ಅದನ್ನ ನೋಡಬೇಕು ನಾ.

ಈ ಓಣ್ಯಾಗ ಗಂಡಸರು ಕೆಳಗಿನ ಅಟ್ಟಿ ಕೊಯ್ತಾರ, ಹೆಂಗಸರು ಮ್ಯಾಲಿನ ವೇಣಿ ಹೆಣೀತಾರ. ಮನಿಗೊಂದ ವೇಣಿ. ನಮ್ಮ ಮನಿದು ಗೋಧಿ ತೆನಿ, ಏಳ ಎಳಿದು. ಅದು ಅತ್ತಿ ಕೈಯಿಂದ ಸೊಸಿ ಕೈಗೆ ಹೋಗಬೇಕು. ಮಗಳಿಗೆ ಕಲಸಂಗಿಲ್ಲ, ಆಕಿ ಇನ್ನೊಂದ ಮನಿಗೆ ಒಯ್ತಾಳ. ಗಂಡಗೂ ಕಲಸಂಗಿಲ್ಲ, ಕುಡದ್ರ ಬಾಯಿ ಬಿಡತಾನ. ನಮ್ಮತ್ತಿ ನನಗ ಬಾಗಲಾ ಹಾಕಿ ಕಲಸಿದ್ಲು. ನಾ ಸೊಸಿ ಸಾರಿಕಾಗ ಕಲಸಿದೆ, ಕುನಾಲನ ಲಗ್ನ ಆದ ವರ್ಷ, ನಾಗರಪಂಚಮಿಗೆ. ಹಂಗಾರ ಎಷ್ಟ ಮಂದಿಗೆ ಗೊತ್ತಾತು? ನನಗ, ನನ್ನ ಸೊಸಿಗೆ. ಇಬ್ಬರಿಗೇ.

ಆಮ್ಯಾಲ ಆರ ತಿಂಗಳಿಗೆ ನೀ ಬಂದಿ. ಕಾಲೇಜ ಹುಡುಗಿ, ಕೊಳ್ಳಾಗ ಕ್ಯಾಮೆರಾ. ಒಂದ ತಿಂಗಳ ಇದ್ದಿ, ಇದ ಖೋಲ್ಯಾಗ. ಆಯಿ, ಆಯಿ ಅನಕೋತ ಸೆರಗ ಹಿಡದ ಅಡ್ಡಾಡಿದಿ. ನನಗ ಹೆಣ್ಣಮಗಳಿಲ್ಲ. ನೀ ನನ್ನ ತಲಿಗೆ ಎಣ್ಣಿ ಹಚ್ಚತಿದ್ದಿ, ಹೇನ ನೋಡತಿದ್ದಿ. ರೊಟ್ಟಿ ಬಡಿಯಾಕ ಹೋಗಿ ಕೈ ಸುಟಗೊಂಡಿದ್ದಿ, ನಾನ ಎಣ್ಣಿ ಹಚ್ಚಿದೆ. ಹೋಗೂ ದಿವಸ ಕಾಲಿಗೆ ಬಿದ್ದ ಅತ್ತಿ. ನಾನೂ ಅತ್ತೆ ಬೇ! ಮೂರ ದಿನಾ ಅತ್ತೆ.

ಮುಂದಿನ ವರ್ಷ ಕಸ್ತೂರೆವ್ವನ ಮೊಮ್ಮಗಳ ಸೀಮಾ ಕೊಲ್ಲಾಪುರದಿಂದ ಬಂದ್ಲು, ಫೋನ್ ತೋರಿಸಿದ್ಲು. ದೊಡ್ಡ ಗಾಜಿನ ಅಂಗಡಿ. ಒಳಗ ಒಂದ ಚಪ್ಪಲಿ, ಅದರ ಮ್ಯಾಲ ನಮ್ಮ ಗೋಧಿ ತೆನಿ. ಬಾಜೂಕ ನಿಂತ ನೀ ನಗಾಕತ್ತಿದ್ದಿ. ಕೆಳಗ ಏನ ಬರದಾರ ಓದವ್ವ ಅಂದೆ. "ಪ್ರಾಜಕ್ತಾ ವೇಣಿ" ಅಂತ ಓದಿದ್ಲು. ನಮ್ಮತ್ತಿ ಹೆಸರಿಲ್ಲ, ಊರಿನ ಹೆಸರಿಲ್ಲ. ನನ್ನ ಹೆಸರ... ನನ್ನ ಹೆಸರ ಹಾಕತೇನಿ ಅಂದಿದ್ದಿ ನೀ. ಬೋರ್ಡಿನ ಮ್ಯಾಲ, ಫೋಟೋ ಸೈತ.

ಅಲ್ಲಲ್ಲ. ನನಗಲ್ಲ ಅಂದಿದ್ದು. ಸಾರಿಕಾಗ ಅಂದಿರಬೇಕು. ಆಕಿನ ನಂಬಿ ಕೆಟ್ಲು.

ಯಾಕ ಹಂಗ ನೋಡತಿ?

ನೀ ಹೋಗಿ ಎರಡ ವರ್ಷಕ್ಕ ಮಿಷನ್ನಿನ್ಯಾಗ ಬಂತು. ಸಂತ್ಯಾಗ ರೆಕ್ಸಿನ್ ಚಪ್ಪಲಿ ಮ್ಯಾಲ ನಮ್ಮತ್ತಿ ವೇಣಿ. ಹದಿನೆಂಟ ವರ್ಷ ನಮ್ಮ ಚಪ್ಪಲಿ ಮೆಟ್ಟಿದ ಗಿರಾಕಿ ಭಾವುಸಾಹೇಬ, ತೆಲಸಂಗದಾಂವ, ಅಥಣಿ ಸಂತ್ಯಾಗ ಇವರನ್ನ ನಿಲ್ಲಿಸಿ ಕೇಳಿದ, "ಏನೋ ಭರಮು, ಪುಣಾದವರದು ನಕಲ ಮಾಡಾಕತ್ತೀಯಂತ?" ನೋಡ, ಗಂಡನ ಹೆಸರ ಬಾಯಾಗ ಬಂತು. ಬರ್ಲಿ. ನಮ್ಮ ವೇಣಿ, ನಮ್ಮ ಮನಿ, ನಾವ ನಕಲ ಮಾಡಾವರು. ಅವತ್ತ ಅವರು ಚಪ್ಪಲಿ ಚೀಲಾ ಸಂತ್ಯಾಗ ಬಿಟ್ಟ ಬರಿಗೈಲೆ ಬಂದ್ರು.

ಬಂದವರ ಆ ಕಲ್ಲ ಎಳದ ನಡುಮನ್ಯಾಗ ಇಟ್ರು. ನನ್ನನ್ನ, ಸಾರಿಕಾನ್ನ ಎದರಾ ಎದರ ಕುಂಡರಿಸಿದ್ರು. ಇಬ್ಬರಿಗೆ ಗೊತ್ತಿದ್ದದ್ದು ಹೊರಗ ಹೋಗೇತಿ ಅಂದ್ರ ಇಬ್ಬರಾಗ ಒಬ್ಬರು ಕೊಟ್ಟೀರಿ, ಯಾರು? ಅಂದ್ರು. ಸಾರಿಕಾ ಕಲ್ಲ ಮುಟ್ಟಿದ್ಲು. "ನಾ ಕೊಟ್ಟಿಲ್ಲ ಮಾವಾ" ಅಂದ್ಲು. ನಾ... ನಾ ಏನೂ ಅನಲಿಲ್ಲ. ಸುಮ್ನ ಆಕಿ ಕಡೆ ನೋಡಿದೆ. ಅಷ್ಟ. ಅತ್ತಿ ನೋಡೂ ನೋಟದಾಗ ಸೊಸಿ ಮುಗದ ಹೋಗತಾಳ.

ಅಂದೆ. ಆತು, ಅಂದೆ. "ಸುಳ್ಳ ಆಣಿ ಮಾಡತಾಳ" ಅಂದೆ. ಸಾಕೇನು?

ಅವತ್ತ ಸಂಜಿಮುಂದ ಸಾರಿಕಾ ಹೊಸ್ತಲಾ ದಾಟಿದ್ಲು, ಹೊಟ್ಟ್ಯಾಗ ಐದ ತಿಂಗಳ ಕೂಸ. ಕುನಾಲ ಆಕಿ ಹಿಂದ ಹೋದ. ಈಗ ನಿಪ್ಪಾಣ್ಯಾಗ ಅಂಗಡಿ ಹಾಕ್ಯಾರ. ಮೊಮ್ಮಗಳಿಗೆ ಆರ ದಾಟಿ ಏಳ ನಡದೈತಂತ, ನಾ ಇನ್ನೂ ನೋಡಿಲ್ಲ. ಅಪ್ಪ ಸತ್ತಾಗ ಕುನಾಲ ಒಬ್ಬನ ಬಂದ, ಮಣ್ಣ ಕೊಟ್ಟ ನನ್ನ ಮಕಾ ನೋಡದ ಹೊಳ್ಳಿ ಹೋದ. ಇಷ್ಟೆಲ್ಲಾ ಯಾರಿಂದ? ನಿನ್ನಿಂದ. ನೀ ಬರದಿದ್ರ ಈ ಖೋಲ್ಯಾಗ ನನ್ನ ಮೊಮ್ಮಗಳ ಮಲಗತಿದ್ಲು. ರಾಯಬಾಗದ ಜಾತ್ರ್ಯಾಗ, ಚಿಕ್ಕೋಡಿ ಬಸ್ಸಿನ್ಯಾಗ, ಎಲ್ಲೇ ಹೋದ್ರೂ ಮಂದಿ ಕಾಲ ಕಡೆ ಕಣ್ಣ ಹೋಗತಿದ್ವು. ಈ ಉದ್ದ ಬೆರಳ ಎಲ್ಲರ ಸಿಕ್ಕಾವೇನು ಅಂತ ಹುಡುಕೀನಿ ನಾ. ಒಂಬತ್ತ ವರ್ಷ.

ಇವತ್ತ ಸಿಕ್ಕಾವು.

ಸಂಜಿ ಐದಕ್ಕ ಸಮುದಾಯ ಭವನದಾಗ ನಿಮ್ಮ ಕಾರ್ಯಕ್ರಮ ಐತಿ. ಬಾಳಾಸಾಬ ಸಾರಿಕಾನ್ನೂ ಕರಿಸ್ಯಾನ, ವೇಣಿ ಹೆಣದ ತೋರಿಸಾಕ. ಕುನಾಲ ಬರತಾನ. ನಿನ್ನಿ ಫೋನ್ ಹಚ್ಚಿದ್ದ. ಮೂರ ವರ್ಷದಾಗ ಮೊದಲನೇ ಫೋನು. "ಅವ್ವಾ, ಆ ಪುಣಾದಾಕಿನ್ನ ಎಲ್ಲಾರ ಮುಂದ ಒಂದ ಮಾತ ಕೇಳಾಂವ ಅದೇನಿ. ನಿನಗ ಯಾರ ಕಲಸಿದ್ರು ಅಂತ. ನನ್ನ ಹೇಣತಿ ತಲಿ ತಗ್ಗಿಸಿ ಬಾಳಿದ್ದ ಸಾಕಾತು" ಅಂದ. ಕೇಳಪ್ಪಾ ಅಂದೆ. ಮತ್ತೇನ ಅನಬೇಕಿತ್ತು?

ಅದಕ್ಕ ಈಗ ನನ್ನ ಮಾತ ಕೇಳು. ಆ ಅಳತಿ ತಗೊಂಡದ್ದೆಲ್ಲಾ ನಾಟಕ. ಪಟ್ಟಿ ಓದಿದ ದಿನದಿಂದನ ಕುಂತೇನಿ, ಚಪ್ಪಲಿ ಯಾವಾಗೋ ಆಗ್ಯಾವು. ತಗೊ. ಎಮ್ಮಿ ತೊಗಲಿನ ಅಟ್ಟಿ, ಆಡಿನ ತೊಗಲಿನ ವೇಣಿ, ಒಂದ ಕಬ್ಬಿಣದ ಮೊಳಿ ಇಲ್ಲ. ಒಂದ ಸಲಾ ಮೆಟ್ಟಿ ಎರಡ ಹೆಜ್ಜಿ ಹಾಕು... ಕೇಳಿದೇನು? ಕರ್ ಕರ್ ಕರ್. ಎರಡ ಅಟ್ಟಿ ನಡುವ ಬೀಜ ಇಟ್ಟೇನಿ. ಮೊದಲ ಗೌಡರು, ಪೈಲವಾನರು ಹೇಳಿ ಮಾಡಸ್ತಿದ್ರು, ತಾವು ಬರೂದು ನಾಕ ಮಂದಿಗೆ ಗೊತ್ತಾಗಲಿ ಅಂತ. ನಾ ನಿನಗ ಮಾಡೇನಿ, ಕಳ್ಳರ ಕಾಲಿಗೆ ಸದ್ದ ಇರಬೇಕು ಅಂತ. ನೀ ಇವನ್ನ ಮೆಟ್ಟಿ ಓಣಿ ತುಂಬ ಕರಕರ ಅನಿಸ್ಕೋತ ಭವನಕ್ಕ ಬರಬೇಕು. ಎಲ್ಲಾರ ಮುಂದ ನಿಂತ, ಹೌದು, ನಾ ಈ ಮನಿ ವೇಣಿ ಕದ್ದೆ ಅನಬೇಕು. ಕುನಾಲ ಕೇಳಿದಾಗ, ಸಾರಿಕಾ ಕಲಸಿದ್ಲು ಅನಬೇಕು.

ಹೂಂ ಅನ್ನು.

ಅನ್ನಬೇ. ಸಾರಿಕಾ. ಮೂರ ಅಕ್ಷರ. ಪುಣಾದಾಗ ಸಾವಿರ ಮಂದಿ ಮುಂದ ಭಾಷಣ ಮಾಡಾಕಿ, ನಿನಗ ಮೂರ ಅಕ್ಷರ ಬರಂಗಿಲ್ಲೇನು? ಒಂದ ಸಲಾ ಕದ್ದಾಕಿಗೆ ಒಂದ ಸುಳ್ಳ ಹೇಳೂದು...

ಸುಳ್ಳ ಅಂತ ಅಂದೆನೇನು? ಬಾಯಿ ತಪ್ಪಿತು. ಖರೇ ಹೇಳೂದು ಅಂತ ಅನ್ನಾಕ ಹೋಗಿದ್ದೆ.

ಏನ ನೋಡಾಕತ್ತಿ? ಚಪ್ಪಲಿ ಬಿಚ್ಚಿ ಕೈಯಾಗ ಹಿಡದ ಏನ ನೋಡತಿ? ವೇಣಿ ಎಡಕ್ಕ ವಾಲೈತಿ, ಹೌದು. ನಾ ಎಡಚಿ. ಎಡಗೈಲೆ ಎಳದ ಹೆಣದ್ರ ತೆನಿ ಎಡಕ್ಕ ವಾಲತೈತಿ. ಸಾರಿಕಾಂದು ಬಲಕ್ಕ. ಕಲಸೂ ಮುಂದ ಭಾಳ ಒದ್ದಾಡಿದ್ಲು ಪಾಪ, ನನ್ನ ಎದರಿಗೆ ಕುಂತ, ಕನ್ನಡ್ಯಾಗ ನೋಡಿದಂಗ ಉಲ್ಟಾ ಮಾಡಿ ಕಲತ್ಲು. ಒಬ್ಬರ ಕೈಯಿಂದ ಕಲತವರದು ಅವರ ಕೈಯಂಗ ವಾಲತೈತಿ, ಅದೇನ ದೊಡ್ಡ ಮಾತಲ್ಲ...

ನಿಂದು ಯಾ ಕಡೆ ವಾಲಿತ್ತು?

ಹೇಳಬ್ಯಾಡ. ಗೊತ್ತೈತಿ ನನಗ. ಸೀಮಾನ ಫೋನಿನ್ಯಾಗ ನೋಡೇನಿ. ಇವರೂ ನೋಡಿದ್ರು. ಸಾರಿಕಾ ಹೋದ ಮ್ಯಾಲ ಒಂದ ದಿವಸ ಸೀಮಾಗ ಹೇಳಿ ಆ ಫೋಟೋ ದೊಡ್ಡದ ಮಾಡಿಸಿ, ಭಾಳೊತ್ತ ಹಿಡಕೊಂಡ ಕುಂತಿದ್ರು. ನನಗ ಏನೂ ಅನಲಿಲ್ಲ. ಮಗನ ಕರಿಯಾಕೂ ಹೋಗಲಿಲ್ಲ. ನಾಚಕಿ ಆಗಿತ್ತೇನೋ ಅವರಿಗೆ... ಯಾರ ಸಲುವಾಗಿ ನಾಚಕಿ, ಅದು ನಾ ಕೇಳಲಿಲ್ಲ. ಸಾಯೂ ಮುಂದ ನನ್ನ ಎಡಗೈ ಹಿಡದಿದ್ರು. ಬಿಡವಲ್ಲರಾಗಿದ್ರು. ಬಾಳೇ ಮಾಡಿದಾಕಿ ಮ್ಯಾಲ ಎಷ್ಟ ಜೀವ ನೋಡು ಅಂತ ಓಣಿ ಹೆಂಗಸರೆಲ್ಲಾ ಅತ್ರು. ನಾನೂ ಹಂಗ ಅಂತ ತಿಳದೆ. ಹಂಗ ಅಂತ ತಿಳಕೊಂಡ ಮೂರ ವರ್ಷ ಬಾಳೇನಿ.

ಮಾತಾಡ ಬೇ ಪ್ರಾಜಕ್ತಾ. ನನ್ನ ಬೈ. "ನೀನ ಕಲಸಿದ್ಯಲ್ಲ ಮುದಕಿ" ಅನ್ನು. ಅಂದ್ರ ನಾ ನಿನ್ನ ಸುಳ್ಳಬುರಕಿ ಅಂತೇನಿ, ಕೂದಲಾ ಹಿಡದ ಹೊರಗ ಹಾಕತೇನಿ. ಅದಕ್ಕ ತಯಾರಾಗಿ ಕುಂತೇನಿ ನಾ. ನೀ ಬಾಯಿ ಬಿಡೂದ ಅಷ್ಟ ಬಾಕಿ.

ಆ ಕಲ್ಲಿನ ಮ್ಯಾಲ ಯಾಕ ಕೈ ಇಟ್ಟಿ?

ತಗಿ. ಕೈ ತಗಿ ಅಂದೆ... ಆಣಿ ಮಾಡತೀಯೇನು? ಏನಂತ ಮಾಡತಿ? ಮಾಡು ಮತ್ತ. ಬಾಯಿ ಬಿಡು.

...

ಆಣಿ.

ಆ ಆಣಿ ಇನ್ನೂ ಇಟ್ಟಕೊಂಡೀಯೇನು?

ಯವ್ವಾ... ಸಾರಿಕಾ ತವರಮನಿಗೆ ಹೋಗಿದ್ದ ದಿವಸ. ಮಧ್ಯಾಹ್ನ. ಬಾಗಲಾ ಹಾಕಿದ್ದೆ. ಅದರ ಮುಂಚಿನ ದಿನ ಇವರು ಸಾರಿಕಾ ಹೆಣದ ವೇಣಿ ಎಳದ ನೋಡಿ, ಸೊಸಿ ಅತ್ತಿನ್ನ ಮೀರಿಸಿದ್ಲು ಅಂದಿದ್ರು. ನಕ್ಕೋತ ಅಂದಿದ್ರು. ನನಗ ನಿದ್ದಿ ಬರಲಿಲ್ಲ. ಮರುದಿನ ನೀ ಬಂದ ಬಾಜೂಕ ಕುಂತಿ, "ಆಯಿ, ನಿನ್ನಂಥಾ ಕೈ ನಾ ಎಲ್ಲೂ ನೋಡಿಲ್ಲ" ಅಂದಿ. ಅಷ್ಟ ಅಂದಿ. ನೀ ಕಲಸು ಅಂತ ಬಾಯಿ ಬಿಟ್ಟ ಕೇಳಲೂ ಇಲ್ಲ. ನಾನ ನಿನ್ನ ಬೆನ್ನ ಹಿಂದ ಕುಂತ, ನಿನ್ನ ಕೈ ಮ್ಯಾಲ ನನ್ನ ಕೈ ಇಟ್ಟ, ಏಳೂ ಎಳಿ ದಾಟಿಸಿದೆ. ಆಮ್ಯಾಲ ಅಂಜಿಕಿ ಬಂತು. ಕಲ್ಲ ಮುಟ್ಟಿಸಿದೆ. "ನಾ ಕಲಸಿದೆ ಅಂತ ಯಾರಿಗೂ ಹೇಳಬ್ಯಾಡ. ನಾನ ಕೇಳಿದ್ರೂ ಹೇಳಬ್ಯಾಡ" ಅಂದೆ.

ನಾನ ಕೇಳಿದ್ರೂ. ಹೌದು, ಹಂಗ ಅಂದಿದ್ದೆ.

ಅದಕ್ಕ ನನ್ನ ಹೆಸರ ಹಾಕಲಿಲ್ಲೇನು ಬೋರ್ಡಿನ ಮ್ಯಾಲ? ಮನಿ ಬಿಟ್ಟ ಮ್ಯಾಲ ಕುನಾಲ ಫೋನ್ ಹಚ್ಚಿ ನಿನಗ ಬಾಯಿಗೆ ಬಂದಂಗ ಬೈದನಂತ, ಆವಾಗನೂ ಹೇಳಲಿಲ್ಲೇನು? ಇವತ್ತ ಸಂಜಿಗೂ ಹೇಳಂಗಿಲ್ಲಾ? ಎಲ್ಲಾರ ಮುಂದ ನಿಂತ, ಹಿಂಗ, ಸುಮ್ನ...

ಕೆಟ್ಟಾಕಿ ಅದಿ ನೀ. ಹೆಸರ ನುಂಗಿದ್ದು ನುಂಗಿದಿ, ನಮ್ಮತ್ತಿದಾರ ಹಾಕಬೇಕಿತ್ತು, ಊರಿಂದಾರ ಹಾಕಬೇಕಿತ್ತು. ಅದನ್ನ ನಾ ಬಿಡಂಗಿಲ್ಲ. ಆದ್ರ ಆಣಿ ಮುರಿಯಬೇಕಿತ್ತಲ್ಲ ಬೇ. ಯಾರದರ ಕಡೆ ಹೇಳಿ ಕಳಸಬೇಕಿತ್ತು. ಒಂದ ಹುಡುಗಿ ಹೊಟ್ಟ್ಯಾಗ ಕೂಸ ಇಟ್ಟಕೊಂಡ ಹೊಸ್ತಲಾ ದಾಟಿದ್ಲಲ್ಲ...

ನಾ ದಾಟಿಸಿದೆ.

ಗಂಟಿ ಎಷ್ಟಾತು? ನಾಕೂವರಿ. ಅಲ್ಲೇ ಗಾಡಿ ಸಪ್ಪಳ. ಬಂದ್ರು ಕಾಣತೈತಿ. ಕುನಾಲ ಇತ್ಲಾಗ ಬರಂಗಿಲ್ಲ, ನೆಟ್ಟಗ ಭವನಕ್ಕ ಹೋಗತಾನ.

ಆ ಚಪ್ಪಲಿ ಕೊಡಿಲ್ಲಿ.

ನಿನಗಲ್ಲ. ಕೊಡು ಅಂದೆ. ನನ್ನ ಕಾಲಿಗೆ ಸಣ್ಣು ಆಗತಾವು, ಗೊತ್ತೈತಿ, ಅಳತಿ ತಗೊಂಡಾಕಿ ನಾನ. ಹಿಮ್ಮಡ ಹೊರಗ ಉಳೀತೈತಿ, ಉಳೀಲಿ. ಭವನ ಏನ ದೂರಿಲ್ಲ... ಕೈ ಹಿಡೀಬ್ಯಾಡ, ನಡೀತೇನಿ.

ನೀ ಹಿಂದ ಬಾ. ಅಲ್ಲೂ ಸುಮ್ನ ಇರು. ಸದ್ದ ಕೇಳಿ ಎಲ್ಲಾರೂ ಹೊಳ್ಳಿ ನೋಡತಾರ, ಯಾರ ಬಂದ್ರು ಅಂತ. ನೋಡ್ಲಿ.